ಅಶ್ವಿತ್ ಹಡಗಿನಿಂದ ಇಳಿಯಲಿಲ್ಲ

ಅಲ್ಲ, ಅಲ್ಲ, ಕೂರುವುದು ಆಮೇಲೆ. ನಿಂತೇ ಕೇಳು, ಸ್ಪಂದನಾ. ಅನಿಕಾ ಶಾಲೆಗೆ ಹೋದಳು. ಮನೆಯಲ್ಲಿ ಈಗ ಅತ್ತೆ, ಸೊಸೆ, ಇಬ್ಬರೇ. ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕಾ?

ನೀನು ಎಂಥ ಮನೆಗೆ ಸೊಸೆಯಾಗಿ ಬಂದಿದ್ದೀ ಅಂತ ಮೊದಲು ತಿಳಿದುಕೋ. ಇದು ನಿನ್ನೆ ಮೊನ್ನೆ ಹೆಸರು ಮಾಡಿದ ಮನೆ ಅಲ್ಲ. ನಿನ್ನ ಮಾವನ ಅಜ್ಜ ಮಂಗಳೂರು ಬಂದರಿನಲ್ಲಿ ಮಂಜಿ ಹಡಗಿನ ತಂಡೇಲ, ನಾವಿಕರಿಗೆಲ್ಲ ಯಜಮಾನ. ಹೆಂಚು ತುಂಬಿಸಿ ಹಾಯಿ ಬಿಚ್ಚಿದರೆ ಬಸ್ರಾದ ಖರ್ಜೂರ ತಂದೇ ಮನೆ ಮೆಟ್ಟಿಲು ಹತ್ತುವುದು. ನಿನ್ನ ಮಾವ... ಹಡಗಿನ ಚೀಫ್ ಎಂಜಿನಿಯರ್ ಕೊರಗಪ್ಪ ಅಂದರೆ ಈಗಲೂ ಹಳಬರು ಎದ್ದು ನಿಲ್ಲುತ್ತಾರೆ. ನಾನು ಕಾನ್ವೆಂಟಿನ ಹೆಡ್ ಗರ್ಲ್. ಇಷ್ಟು ತಲೆಮಾರಿನಲ್ಲಿ ಅರ್ಧ ದಾರಿಯಲ್ಲಿ ಹಡಗಿನಿಂದ ಇಳಿದು ಬಂದವರು ಒಬ್ಬರಿಲ್ಲ. ಒಬ್ಬರೂ!

ಯಾಕೆ ನಗುತ್ತೀ? ನಗಲಿಲ್ವಾ? ತುಟಿ ಅಲ್ಲಾಡಿತು, ನಾನು ನೋಡಿದೆ.

ಇಂಥ ಮನೆಯ ಹಿರಿಯಳಿಗೆ ನಿನ್ನೆ ನೀನು ಎಂತ ಮಾಡಿದೆ? ಮಗುವಿನ ಹುಟ್ಟುಹಬ್ಬ. ಈ ಪರದೇಶದಲ್ಲಿ, ಕೆಳಗೆ ಕಟ್ಟಡದ ಬುಡದ ತೆರೆದ ವಾಯ್ಡ್ ಡೆಕ್‌ನಲ್ಲಿ ಯಿಶುನ್‌ನ ಕನ್ನಡದವರೆಲ್ಲ ಸೇರಿದ್ದಾರೆ. ಶಕುಂತಲಾ ಕೇಕಿನ ತಟ್ಟೆ ಹಿಡಿದುಕೊಂಡು, ಪಾಪ, 'ಆ ಯುದ್ಧದ ಮಧ್ಯೆ ಅಶ್ವಿತ್ ಹೇಗಿದ್ದಾನೆ ಆಂಟಿ?' ಅಂತ ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ. ಜಲಸಂಧಿಗೆ ಮುಂಚೆ ಲಂಗರು ಹಾಕಿದಾಗ ಕ್ಯಾಪ್ಟನ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಮುಂದೆ ಯುದ್ಧ ಉಂಟು, ಇಳಿಯುವವರು ಇಲ್ಲೇ ಇಳಿಯಬಹುದು, ಊರಿಗೆ ಟಿಕೆಟ್ ಕಂಪನಿಯದ್ದು. ನನ್ನ ಮಗ ಕೈ ಎತ್ತಲಿಲ್ಲ. ಅಷ್ಟೆ. ಹೆತ್ತವಳು ಅಷ್ಟೂ ಹೇಳಬಾರದಾ? ಎಲ್ಲರೂ ತಲೆ ತೂಗಿದರು. ಬದರಿನಾಥ್ ಅಂತೂ ಚಪ್ಪಾಳೆ ತಟ್ಟುವುದಕ್ಕೆ ತಟ್ಟೆ ಕೆಳಗಿಟ್ಟ. ಆಗ ನೀನು, ಕೇಕು ಕತ್ತರಿಸುವ ಚಾಕು ಕೈಯಲ್ಲೇ ಹಿಡಿದುಕೊಂಡು... 'ಅತ್ತೆ, ಇಳಿಯಬಹುದಿತ್ತು ಅಂತ ನಿಮಗೆ ಯಾರು ಹೇಳಿದ್ದು?'

ಎಲ್ಲರೆದುರು! ನಾನೇನೋ ಸುಳ್ಳು ಹೊಸೆಯುತ್ತಿದ್ದೇನೆ ಅನ್ನುವ ಹಾಗೆ! ಬಾಯಿಗಿಟ್ಟ ಕೇಕನ್ನು ಶಕುಂತಲಾ ನುಂಗಲೇ ಇಲ್ಲ. ಬದರಿನಾಥ್ ತಟ್ಟೆ ಮತ್ತೆ ಕೈಗೆ ತೆಗೆದುಕೊಂಡ.

ಆಮೇಲಾದರೂ ತಪ್ಪಾಯಿತು ಅಂತ ಒಂದು ಮಾತು ಹೇಳಿದೆಯಾ? ಚಾಕು ಇಟ್ಟು ಲಿಫ್ಟ್ ಹತ್ತಿ ಹೋದೆ. ಉಳಿದ ಕೇಕು ನಾನೇ ಕತ್ತರಿಸಿದೆ. ಎಲ್ಲ ತುಂಡೂ ಸಮ. ಯಾರಾದರೊಬ್ಬರು ಮರ್ಯಾದೆ ಕಾಪಾಡಬೇಕಲ್ಲ.

ನಾನು ಎಷ್ಟು ಸಹಿಸುತ್ತಿದ್ದೇನೆ ಅಂತ ನಿನಗೆ ಗೊತ್ತುಂಟಾ? ಒಗೆದ ಬಟ್ಟೆ ಮಧ್ಯಾಹ್ನದವರೆಗೂ ಮಿಷಿನ್‌ನಲ್ಲೇ ಇರುತ್ತದೆ. ಅನ್ನ ತಳ ಹಿಡಿಯುತ್ತದೆ. ಮಗು ಒಂದು ಕಾಲಿಗೆ ಬಿಳಿ, ಒಂದು ಕಾಲಿಗೆ ನೀಲಿ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋಗುತ್ತದೆ. ಯಾಕೆ? ಅಮ್ಮ ಫೋನಿನ ನಕ್ಷೆಯಲ್ಲಿ ಹಡಗಿನ ಚುಕ್ಕೆ ಹುಡುಕುತ್ತಿದ್ದಾಳೆ! ಜಾಗ ತೋರಿಸುವ ಆ ಯಂತ್ರವನ್ನು ಅವರೇ ಆಫ್ ಮಾಡಿದ್ದಾರೆ ಮಾರಾಯ್ತಿ, ಶತ್ರುವಿಗೆ ಕಾಣಬಾರದು ಅಂತ. ಶತ್ರುವಿಗೆ ಕಾಣದ್ದು ಯಿಶುನ್‌ನಲ್ಲಿ ಕೂತ ನಿನಗೆ ಕಾಣುತ್ತದಾ? ಅನಿಕಾಗೂ ಅಷ್ಟು ತಿಳಿಯುತ್ತದೆ. 'ಪಪ್ಪಾ ಹೈಡಿಂಗ್ ಲಾ, ಅಜ್ಜಿ' ಅನ್ನುತ್ತಾಳೆ. ಇಲ್ಲಿಯವರ ಆ 'ಲಾ' ಬಿಡಿಸುವುದು ನನ್ನಿಂದ ಆಗಲಿಲ್ಲ, ಅದು ಬೇರೆ ಮಾತು.

ಮತ್ತೆ ಆ ಫೋಟೋಗಳು. ಮಗು ದೋಸೆ ತಿಂದದ್ದು, ಮಗು ಹಲ್ಲು ಉಜ್ಜಿದ್ದು, ಎಲ್ಲ ಅವನಿಗೆ ಕಳಿಸುವುದು. ಒಂದೇ ಟಿಕ್. ನಿನ್ನೆ ಕೇಕಿನದ್ದೂ ಒಂದೇ ಟಿಕ್... ನಾನು ಇಣುಕಲಿಲ್ಲ. ಕಣ್ಣಿಗೆ ಬಿತ್ತು.

ಕಂಪನಿಯವರು ಮನೆಯವರನ್ನೆಲ್ಲ ಪಾಯಾ ಲೆಬಾರ್ ಆಫೀಸಿಗೆ ಕರೆದರಲ್ಲ, ಅಲ್ಲಿ ನಾನು ಕಣ್ಣೀರು ಹಾಕಿದೆನಾ? ಎಲ್ಲ ಹೆಂಗಸರೂ ಟಿಶ್ಯೂ ಎಳೆದೆಳೆದು ಡಬ್ಬಿ ಖಾಲಿ ಮಾಡಿದರು. ನಾನು ಬೆನ್ನು ನೆಟ್ಟಗೆ ಇಟ್ಟುಕೊಂಡು, ಚಹಾ ತಣ್ಣಗಾಗಿದೆ ಅಂತ ಮಾತ್ರ ಹೇಳಿದೆ. ಅದಕ್ಕೆ ಶಿಸ್ತು ಅನ್ನುತ್ತಾರೆ. ನಿನ್ನ ಅಮ್ಮ ನೋಡು, ಮೈಸೂರಿನಿಂದ ಫೋನ್ ಮಾಡಿ, 'ದೇವರ ವಿಷಯದಲ್ಲಿ ಏನೋ ತಪ್ಪಾಗಿರಬೇಕು, ಅರಿಸಿನದ ಬಟ್ಟೆಯಲ್ಲಿ ನಾಣ್ಯ ಇಟ್ಟು ತಪ್ಪು ಕಾಣಿಕೆ ಕಟ್ಟಿಡಿ' ಅಂದರು. ನಾನು ಅವತ್ತೇ ಹೇಳಿದೆ: ಅದನ್ನು ತಪ್ಪು ಮಾಡಿದವರು ಕಟ್ಟುವುದು, ಈ ಮನೆಯಲ್ಲಿ ಅಂಥವರು ಯಾರೂ ಇಲ್ಲ.

ಎಂತ? ಯಾಕೆ ಹಾಗೆ ನೋಡುತ್ತೀ?

ಓ, ಮತ್ತೆ ಅದೇ ಪ್ರಶ್ನೆ. ಯಾರು ಹೇಳಿದ್ದು, ಯಾರು ಹೇಳಿದ್ದು! ಅಶ್ವಿತನೇ ಹೇಳಿದ್ದು. ಇನ್ಯಾರು ಹೇಳುತ್ತಾರೆ? ಫೋನ್ ಮಾಡಿದ್ದ ಅಂತ ನಾನು ನಿನಗೆ ಹೇಳಿರಲಿಲ್ವಾ? ಇನ್ನು ಸಿಗ್ನಲ್ ಇರುವುದಿಲ್ಲ, ಹೆದರಬೇಡಿ ಅಂದ ಅಂತ? ಅದು ಸುಳ್ಳಲ್ಲ. ಅದನ್ನೂ ಹೇಳಿದ್ದ.

ಹೌದು, 'ಅದನ್ನೂ'.

ಮೊದಲು ನಿನಗೇ ಮಾಡಿದನಂತೆ. ನೀನು ಅನಿಕಾಳಿಗೆ ಸ್ನಾನ ಮಾಡಿಸುತ್ತಿದ್ದೆ. ಎತ್ತಲಿಲ್ಲ. ನನಗೆ ಮಾಡಿದ. 'ಸ್ಪಂದನಾಳಿಗೆ ಕೊಡಮ್ಮ' ಅಂದ. ಅವಳ ಕೈಯೆಲ್ಲ ಸೋಪು ಅಂದೆ. ಸೋಪು ಇರಲಿಲ್ವಾ? ಸ್ವಲ್ಪ ಹೊತ್ತಿನಲ್ಲಿ ಇಳಿಯುವವರ ಹೆಸರು ಕೊಡಬೇಕಂತೆ, ಅವನಿಗೆ ಗಡಿಬಿಡಿ... ಬಾಗಿಲು ತಟ್ಟಬಹುದಿತ್ತು. ಹೌದು, ತಟ್ಟಬಹುದಿತ್ತು! ಬಚ್ಚಲಲ್ಲಿ ನೀವಿಬ್ಬರೂ ಹಾಡು ಹೇಳುತ್ತಾ ನಗುತ್ತಿದ್ದಿರಿ. ಯಾಕೆ ಸುಮ್ಮನೆ...

'ಇಳಿಯಲಾ ಅಮ್ಮ?' ಅಂದ. ಚಿಕ್ಕವನಿದ್ದಾಗ ಈಜು ಕಲಿಯುವ ದಿನ ದಡದಲ್ಲಿ ನಿಂತು ಕೇಳುತ್ತಿದ್ದ ಹಾಗೆ. ನಮ್ಮ ಮನೆಯಲ್ಲಿ ಹಾಗೆ ಇಳಿದವರಿಲ್ಲ ಮಗಾ, ಅಂದೆ. ಇದ್ದದ್ದನ್ನೇ ಹೇಳಿದೆ. ಆಮೇಲೆ ಕೇಳಿದ, 'ಸ್ಪಂದನಾ ಏನಂತಾಳೆ?'

ನಾನೆಂತ ಹೇಳಲಿ? ಈ ಮನೆಯ ಸೊಸೆ ಹೇಳಬೇಕಾದ್ದನ್ನು ಹೇಳಿದೆ. ಅವಳದ್ದೂ ಅದೇ ಮಾತು, ಅಂದೆ.

ಸ್ಪಂದನಾ?

ಏನಾದರೂ ಹೇಳು. ಬಾಯಿಬಿಟ್ಟು ಬೈ. ಬೈದರೆ ನಾನೂ ಉತ್ತರ ಕೊಡಬಹುದು... ಎಲ್ಲಿಗೆ ಹೋಗುತ್ತೀ? ನಾನಿನ್ನೂ ಮುಗಿಸಲಿಲ್ಲ. ಅಕ್ಕಿ ಡಬ್ಬಿ ಯಾಕೆ ತೆಗೆಯುತ್ತೀ ಈಗ? ಅಡುಗೆ ಆಗಿದೆಯಲ್ಲ. ಕೈ ಅಷ್ಟು ಕೆಳಗೆ ಹಾಕಬೇಡ, ಅಕ್ಕಿ ಚೆಲ್ಲುತ್ತದೆ. ಸ್ಪಂದನಾ!

ಆ ಗಂಟನ್ನು ಅಲ್ಲೇ ಇಡು.

ಎಂತ ಇದೆ ಅದರಲ್ಲಿ? ಏನೂ ಇಲ್ಲ. ಒಂದು ಡಾಲರ್ ನಾಣ್ಯ. ಬಟ್ಟೆ... ಬಟ್ಟೆ ಅವನ ಕರ್ಚೀಫು. ಅರಿಸಿನದ ನೀರಲ್ಲಿ ಅದ್ದಿದ್ದು, ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಹರಕೆ ಅದು. ಎಲ್ಲರ ಮನೆಯಲ್ಲೂ ಹರಕೆ ಇರುತ್ತದೆ. ಹಾಗೆ ತಲೆ ಅಲ್ಲಾಡಿಸಬೇಡ.

ಯಾವಾಗ ಸಿಕ್ಕಿತು ನಿನಗೆ? ಕೇಕಿಗೆ ಮುಂಚೆಯಾ? ಹಾಗಾದರೆ ನಿನ್ನೆ ನೀನು ಕೇಳಿದ್ದು ಇದನ್ನು ನೋಡಿಯೇ...

ಮೇಜಿನ ಮೇಲೆ ಇಡಬೇಡ. ಊಟ ಮಾಡುವ ಜಾಗ ಅದು. ಅವನ ಕುರ್ಚಿಯೆದುರಂತೂ ಬೇಡ... ಸರಿ, ಇಟ್ಟೇಬಿಟ್ಟೆ ನೀನು. ಇಟ್ಟೆಯಲ್ಲ! ನಾನು ಕಟ್ಟಿದ್ದೇ. ಚುಕ್ಕೆ ಕಾಣದೆ ಹೋದ ದಿನ ಕಟ್ಟಿದೆ. ದೇವರಿಗೂ ನನಗೂ ಇರುವ ಲೆಕ್ಕ ಅದು, ನಡುವೆ ನೀನು ಬರಬೇಡ. ಅವನು ಬರುತ್ತಾನೆ. ಬಂದ ಮೇಲೆ ನಾನೇ ಊರಿಗೆ ಹೋಗಿ ಒಪ್ಪಿಸುತ್ತೇನೆ. ಬರುತ್ತಾನೆ, ಅಲ್ವಾ?

ಅಲ್ವಾ, ಸ್ಪಂದನಾ?

ಆಯಿತು. ಮಾತಾಡಬೇಡ. ಆದರೆ ಅದು ಬೇರೆ, ಇದು ಬೇರೆ. ನಿನ್ನೆ ಅಷ್ಟು ಜನರೆದುರು ನೀನು ಮನೆಯ ಹಿರಿಯಳನ್ನು ಪ್ರಶ್ನೆ ಮಾಡಿದ್ದೀ. ಅದಕ್ಕೆ ಕ್ಷಮೆ ಕೇಳಬೇಕು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಹಾಗೆ, ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ.

ನನ್ನ ಕ್ಷಮೆ ಕೇಳು.