ವಾಚ್ ರಿಪೇರಿಯವರು ಕೇಳಿದ ಪ್ರಶ್ನೆ

ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನನ್ನ ಸ್ವಂತ ಮೈದುನನಿಗೆ ಆದದ್ದು. ಬಿ.ಎ. ಓದಿದವಳು ದೆವ್ವದ ಮಾತಾಡುತ್ತಾಳೆ ಎಂದು ನಗುವವರು ನಗಲಿ. ಆ ರಾತ್ರಿ ಅವನು ಹೊಸ್ತಿಲಲ್ಲಿ ಕೂತು ಹೇಳಿದ್ದನ್ನು ಬೆಳಗಾಗುವ ಮೊದಲೇ ಬರೆದಿಟ್ಟಿದ್ದೇನೆ, ನನ್ನದೊಂದು ಮಾತೂ ಸೇರಿಸದೆ.

ಅವನಿಗೆ ಬಸ್ ಡಿಪೋದಲ್ಲಿ ಕೆಲಸ. ಎರಡನೇ ಪಾಳಿ ಮುಗಿಸಿ, ಟೀ ಅಂಗಡಿಯ ಬೆಂಚಿನ ಮೇಲೆ ಒಂದಿಷ್ಟು ಹರಟಿ, ಹಳೇ ಬಾವಿಯ ಪಕ್ಕದ ಓಣಿಯಿಂದ ಮನೆಗೆ ಬರುತ್ತಿದ್ದ. ಆ ದಿನ ಓಣಿಯಲ್ಲಿ ದೀಪ ಇರಲಿಲ್ಲ. ಬಾವಿ ದಾಟಿದ... ಹಿಂದೆ ಏನೋ ಸದ್ದು.

ಟಿಕ್. ಟಿಕ್ ಟಿಕ್. ಟಕ್. ಟಿಕ್...

ಒಂದು ಗಡಿಯಾರದ ಸದ್ದಲ್ಲ. ಹತ್ತಾರು ಗಡಿಯಾರಗಳದು, ಒಂದಕ್ಕೊಂದು ತಾಳವಿಲ್ಲದೆ. ಅಂಥ ಸದ್ದು ನಮ್ಮ ಬೀದಿಯಲ್ಲಿ ಕೇಳುತ್ತಿದ್ದದ್ದು ಒಂದೇ ಕಡೆ, ವಾಚ್ ರಿಪೇರಿಯವರ ಅಂಗಡಿಯಲ್ಲಿ. ಆ ಅಂಗಡಿಗೆ ಪೊಲೀಸರ ಬೀಗ ಬಿದ್ದಿತ್ತು. ವಾಚ್ ರಿಪೇರಿಯವರನ್ನು ಯಾರೋ ಕೊಂದು ತಿಂಗಳ ಮೇಲಾಗಿತ್ತು.

ಯಾರು ಕೊಂದರೆಂದು ಪೊಲೀಸರಿಗೆ ಗೊತ್ತಾಗಲಿಲ್ಲ. ಹೇಗೆ ಸತ್ತರೆಂದೂ ಅವರು ಬಾಯಿ ಬಿಡಲಿಲ್ಲ. ಆದರೆ ಟೀ ಅಂಗಡಿಯ ಬೆಂಚಿಗೆ ಎಲ್ಲ ಗೊತ್ತಿತ್ತು. ಅರ್ಧ ಎಳೆದ ಶಟರ್. ಮೇಜಿನ ಮೇಲೆ ಎರಡು ಟೀ ಲೋಟ, ಒಂದು ಖಾಲಿ, ಇನ್ನೊಂದು ಮುಟ್ಟದೇ ಬಿಟ್ಟದ್ದು. ಸುಳಿವು ಅಂತ ಇದ್ದದ್ದು ಇಷ್ಟೇ. ಇಷ್ಟನ್ನೇ ಜಗ್ಗಿ ಜಗ್ಗಿ ನನ್ನ ಮೈದುನ ದಿನಕ್ಕೊಂದು ಕತೆ ಹೆಣೆಯುತ್ತಿದ್ದ. ಅವನಿಗೆ ಪತ್ತೇದಾರ ಎಂದೇ ಹೆಸರು ಬಿದ್ದಿತ್ತು. ಅದು ಹೊಗಳಿಕೆಯೋ ಗೇಲಿಯೋ ಅವನು ಕೇಳಲು ಹೋಗಲಿಲ್ಲ.

ಮೊದಲು ಪೇಪರ್ ಹಾಕುವವನ ಮೇಲೆ ಕಣ್ಣು ಬಿತ್ತು. ಅವನು ರಾತ್ರಿ ನಿದ್ದೆಗೆಟ್ಟು ಸೊರಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರೇ ಬಿಟ್ಟ. ಕೊಲೆಯಾದ ದಿನ ಅವನು ಜ್ವರ ಬಂದು ಆಸ್ಪತ್ರೆಯಲ್ಲಿದ್ದ ಎಂದು ಆಮೇಲೆ ತಿಳಿಯಿತು. ಬೆಂಚಿಗೆ ಹೊಸಬರು ಬೇಕಾದರು. ಮೈದುನ ಹುಡುಕಿಕೊಟ್ಟ.

"ಟೀ ಯಾಕೆ ಮುಟ್ಟಿಲ್ಲ ಹೇಳಿ? ಸಕ್ಕರೆ ಕಾಯಿಲೆ. ನಮ್ಮ ಬೀದೀಲಿ ಸಕ್ಕರೆ ಕಾಯಿಲೆ ಯಾರಿಗೆ? ಎದುರಂಗಡಿ ಟೈಲರ್‌ಗೆ."

ಮನೆಯಲ್ಲೂ ಅದನ್ನೇ ಹೇಳಿದಾಗ ನಾನು ಗದರಿದೆ. "ನಿನಗೂ ಸಕ್ಕರೆ ಕಾಯಿಲೆ ಬರೋವರೆಗೆ ಬಾಯಿ ಮುಚ್ಕೊಂಡಿರು."

"ಮಾತಾಡಿದ್ರೆ ಯಾರಿಗೇನು ಕಮ್ಮಿಯಾಗುತ್ತೆ ಅತ್ತಿಗೆ?" ಅಂದ.

ವಾರ ಕಳೆಯಲಿಲ್ಲ, ಟೈಲರ್ ಹೆಂಡತಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅತ್ತಳು. ರಾತ್ರಿಯಿಡೀ ಯಾರೋ ಕಿಟಕಿ ತಟ್ಟುತ್ತಾರಂತೆ. ಗಂಡ ಕೆಳಗಿಟ್ಟ ಕತ್ತರಿಯನ್ನು ಮತ್ತೆ ಮುಟ್ಟಿಲ್ಲವಂತೆ. "ಎದೆನೋವು ಅಂತಾರೆ ಅಕ್ಕಾ. ಹೀಗೇ ಆದ್ರೆ ಇವರು ಉಳಿಯಲ್ಲ."

ಅದೇ ರಾತ್ರಿ ಬಾವಿಯ ಹತ್ತಿರ ಆ ಸದ್ದು. ಮೈದುನ ನಿಂತ. ಅದು ನಿಲ್ಲಲಿಲ್ಲ. ಬೆನ್ನಿನವರೆಗೂ ಬಂತು.

"ಪತ್ತೇದಾರ್ರೇ..." ಪಿಸುದನಿ. ಪರಿಚಯದ್ದೇ.

ಇವನು ತಿರುಗಲಿಲ್ಲ.

"ಇವತ್ತು ಯಾರು ಅಂತ ಆಯ್ತು?"

"ನಿಮಗೆ... ಗೊತ್ತಿಲ್ವಾ?"

"ನನ್ನ ಬೆನ್ನು ಬಾಗಿಲ ಕಡೆಗಿತ್ತು ಸ್ವಾಮಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡಿದ್ದೆ. ನಾನೇನು ಕಂಡೆ?"

ಟಿಕ್. ಟಕ್ ಟಕ್.

"ತಲೆಗೆ ಹೊಡೆದ್ರು ಅಂದ್ರಿ. ತಲೆ ಸಿಡಿಯೋಕೆ ಶುರುವಾಯ್ತು. ಆಮೇಲೆ ಇಲ್ಲ, ಕುತ್ತಿಗೆಗೆ ತಂತಿ ಅಂದ್ರಿ. ಈಗ ಉಗುಳು ನುಂಗೋಕಾಗಲ್ಲ. ಯಾವುದಾದ್ರೂ ಒಂದು ಅಂತ ಹೇಳಿಬಿಡಿ..."

ಮೈದುನನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಪೇಪರ್‌ನವನು ಅಂದ್ರಿ, ಅವನ ಮನೆಗೆ ಹೋದೆ. ಟೈಲರ್ ಅಂದ್ರಿ, ದಿನಾ ಹೋಗಿ ನೀನೇನಾ ಅಂತ ಕೇಳ್ತಿದ್ದೀನಿ. ಬರೀ ಅಳ್ತಾನೆ. ಇವತ್ತು ಒಳಗೇ ಹೋಗ್ಬಿಡ್ಲಾ? ನಿಮ್ಮ ಮಾತು ಗಟ್ಟಿ ತಾನೆ?"

ಹೂಂ ಅಂದಿದ್ದರೆ ಸಾಕಿತ್ತು. ಸದ್ದು ಟೈಲರ್ ಮನೆಯ ಕಡೆ ತಿರುಗುತ್ತಿತ್ತು, ಇವನು ಓಡಿ ಬಂದು ಮುಸುಕು ಹೊದೆಯಬಹುದಿತ್ತು. ಬೇರೆ ಯಾರ ಹೆಸರು ಹೇಳಿದ್ದರೂ ಪಾರಾಗುತ್ತಿದ್ದ.

"ಬೇಡ," ಅಂದ. "ಟೈಲರ್ ಅಲ್ಲ."

"ಮತ್ತೆ?"

"ಗೊತ್ತಿಲ್ಲ. ನನಗೆ ಏನೂ ಗೊತ್ತಿಲ್ಲ ರೀ. ಬಾಯಿಗೆ ಬಂದದ್ದು ಹೇಳ್ದೆ..."

ಗಡಿಯಾರಗಳೆಲ್ಲ ಒಟ್ಟಿಗೆ ನಿಂತವಂತೆ. ಬಾವಿಯೊಳಗೆ ಎಲ್ಲೋ ಒಂದು ಹನಿ ತೊಟ್ಟಿಕ್ಕಿದ್ದೂ ಕೇಳಿಸಿತಂತೆ.

"ಗೊತ್ತಿಲ್ಲ ಅಂದವರು ಈ ಬೀದೀಲಿ ನೀವೊಬ್ಬರೇ," ಅಂದಿತು ದನಿ. "ಹಾಗಾದ್ರೆ... ಗೊತ್ತಾಗೋವರೆಗೆ ನಾನೆಲ್ಲಿರ್ಲಿ?"

ಅದಕ್ಕೆ ಏನು ಉತ್ತರ ಕೊಟ್ಟನೆಂದು ಮೈದುನ ನನಗೆ ಹೇಳಲಿಲ್ಲ. ಎಷ್ಟು ಸಲ ಕೇಳಿದರೂ ಗೋಡೆ ನೋಡುತ್ತಾನೆ.

ಟೈಲರ್ ಆ ರಾತ್ರಿಯಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ, ಅವರ ಹೆಂಡತಿಯೇ ಬಂದು ಹೇಳಿದಳು. ಕೊಂದವರು ಇಂದಿಗೂ ಸಿಕ್ಕಿಲ್ಲ. ಬೆಂಚಿನ ಮೇಲೆ ಮಾತು ನಡೆದೇ ಇದೆ, ನನ್ನ ಮೈದುನ ಅತ್ತ ಹೋಗುವುದಿಲ್ಲ.

ಇಷ್ಟು ನಾನು ಕೇಳಿದ್ದು. ಕಣ್ಣಾರೆ ಕಂಡದ್ದೂ ಒಂದಿದೆ, ನಂಬದವರು ಬಂದು ನಮ್ಮ ಮನೆಯಲ್ಲಿ ಒಂದು ರಾತ್ರಿ ಕೂತು ನೋಡಬಹುದು. ಪಾಳಿ ಮುಗಿಸಿ ಬಂದವನು ಒಳಗೆ ಕಾಲಿಟ್ಟ ಮೇಲೆ ಬಾಗಿಲು ಮುಚ್ಚುವುದಿಲ್ಲ. ಕದ ಹಿಡಿದುಕೊಂಡು ಗೋಡೆಗೆ ಸರಿದು ನಿಲ್ಲುತ್ತಾನೆ... ಇನ್ನೊಬ್ಬರು ಒಳಗೆ ಬರುವಷ್ಟು ಹೊತ್ತು. ಆಮೇಲೆ ಚಿಲಕ ಹಾಕುತ್ತಾನೆ.