ಮೊದಲ ಸಾಲಿನವರು ಸ್ವಲ್ಪ ಸರಿಯಿರಿ

ವೇದಿಕೆಯ ಮೇಲೆ ನನಗಿಂತ ಒಳ್ಳೆಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಮಿತ್ರರಾಷ್ಟ್ರಗಳಿಂದ ಬಂದು ಮೊದಲ ಸಾಲನ್ನು ತುಂಬಿರುವ ಗೌರವಾನ್ವಿತ ಪ್ರತಿನಿಧಿಗಳೇ, ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿರುವ ದುಭಾಷಿಗಳೇ, ವಾಸ್ತುಶಿಲ್ಪಿಗಳೇ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿರುವ ನನ್ನ ಊರಿನ ಸಭಿಕರೇ,

ನನಗೆ ಐದೇ ನಿಮಿಷ ಎಂದು ಅಧ್ಯಕ್ಷರು ಹೇಳಿದ್ದಾರೆ. ತಮ್ಮ ಸ್ವಾಗತ ಭಾಷಣಕ್ಕೆ ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಇರಲಿ. ಈ ಮೇಜಿನ ಮೇಲೆ, ಬಟ್ಟೆಯ ಕೆಳಗೆ, ನಮ್ಮ ಸ್ಮಾರಕ ಉದ್ಯಾನದ ಮಾದರಿ ಇದೆ. ಬಟ್ಟೆ ಸರಿಸುವ ಮೊದಲು ಒಂದು ವಿಷಯ ಹೇಳಬೇಕು. ಕೇಳಿದ ಮೇಲೆ ಅಧ್ಯಕ್ಷರು ಬಟ್ಟೆ ಸರಿಸುತ್ತಾರೋ, ಅದನ್ನು ನನ್ನ ಬಾಯಿಗೆ ತುರುಕುತ್ತಾರೋ ಗೊತ್ತಿಲ್ಲ.

ನಾನು ಈ ಸಮಿತಿಗೆ ಕಾರ್ಯದರ್ಶಿಯಾದದ್ದು ಹೇಗೆ? ವಿದ್ಯೆಯಿಂದಲ್ಲ. ದೇಶಭಕ್ತಿಯಿಂದಲೂ ಅಲ್ಲ. ಸಮಿತಿಗೆ ಕೂರಲು ಕುರ್ಚಿ ಬೇಕಿತ್ತು, ನನ್ನ ಬಳಿ ಕುರ್ಚಿ ಇತ್ತು. ಈ ಊರಿನಲ್ಲಿ ಮದುವೆಯಿರಲಿ, ಮರಣವಿರಲಿ, ಚುನಾವಣೆಯಿರಲಿ, ಜನ ಕೂರುವುದು ನಾನು ಬಾಡಿಗೆಗೆ ಕೊಟ್ಟ ಕುರ್ಚಿಯ ಮೇಲೆ. ಕುರ್ಚಿಯವನನ್ನೇ ನಿಲ್ಲಿಸಿ ಸಭೆ ನಡೆಸುವುದು ಹೇಗೆ ಎಂಬ ಸಂಕೋಚಕ್ಕೆ ನನ್ನನ್ನೂ ಸೇರಿಸಿಕೊಂಡರು.

ಸೇರಿದ ಮೇಲೆ ಗೊತ್ತಾಯಿತು, ಉದ್ಯಾನವೆಂದರೆ ಹೂವೂ ಅಲ್ಲ, ಹುಲ್ಲೂ ಅಲ್ಲ. ಯಾರ ಪಕ್ಕ ಯಾರು ಎಂಬುದೇ ಉದ್ಯಾನ. ನಮ್ಮೂರ ಹಿಂದಿನ ಗುಡ್ಡದ ಮೇಲೆ ನಮಗಾಗಿ ಕಾದಾಡಿ ಸತ್ತವರು ಹದಿನಾರು ಮಿತ್ರರಾಷ್ಟ್ರಗಳವರು. ಹದಿನಾರು ಕಲ್ಲು ನಿಲ್ಲಿಸಬೇಕು. ಯಾವುದು ಮೊದಲು? ಅಕಾರಾದಿಯಾಗಿ ಎಂದರು ಅಧ್ಯಕ್ಷರು. ಯಾರ ಅಕ್ಷರಮಾಲೆ ಎಂದು ಎಲ್ಲರೂ ಕೇಳಿದರು. ಸೈನಿಕರ ಸಂಖ್ಯೆಯ ಪ್ರಕಾರ ಎಂದರೆ, ಒಂದು ಆಸ್ಪತ್ರೆಯ ಡೇರೆ ಮತ್ತು ಒಂದು ಬ್ಯಾಂಡ್ ಸೆಟ್ ಕಳಿಸಿದ್ದ ಪುಟ್ಟ ದೇಶ ಮುಖ ಊದಿಸಿಕೊಂಡಿತು. ಒಬ್ಬರು ಎತ್ತರದ ಧ್ವಜಸ್ತಂಭ ಕೇಳಿದರು. ಇನ್ನೊಬ್ಬರು ಅದಕ್ಕಿಂತ ಒಂದು ಗೇಣು ಹೆಚ್ಚಿನದು ಕೇಳಿ, ಗಿಟ್ಟಿಸಿಕೊಂಡರು. ಅಂದು ಒಂದೇ ಕಂದಕದಲ್ಲಿ ಕೂತು ಒಂದೇ ಸಿಗರೇಟು ಸೇದಿದ ಎರಡು ದೇಶಗಳು ಇಂದು ಮಾತು ಬಿಟ್ಟಿವೆ. ಅವರ ನಡುವೆ ಯಾರನ್ನು ಹಾಕುವುದು? ಇಬ್ಬರಿಗೂ ಬಂದೂಕು ಮಾರುವವರನ್ನು ಹಾಕಿದೆವು. ಇಬ್ಬರೂ ಸಂತೋಷದಿಂದ ಒಪ್ಪಿದರು.

ಸಭಿಕರೇ, ಇದೆಲ್ಲ ನನಗೆ ಹೊಸದೇ? ಮದುವೆ ಮನೆಯಲ್ಲಿ ಬೀಗರ ಕಡೆಯ ಸೋದರಮಾವಂದಿರನ್ನು ಕೂರಿಸಿ ಬದುಕಿ ಬಂದವನು ನಾನು! ದುಂಡಗೆ ಜೋಡಿಸಿ ಎಂದೆ. ದುಂಡಗೆ ಕೂತರೆ ಮೊದಲಿನವರೂ ಇಲ್ಲ, ಕೊನೆಯವರೂ ಇಲ್ಲ. ವಾಸ್ತುಶಿಲ್ಪಿಗಳು ಅದಕ್ಕೆ ‘ವರ್ತುಲ ಸಮಾನತೆ’ ಎಂದು ಹೆಸರಿಟ್ಟು, ತಮ್ಮದೇ ಕಲ್ಪನೆ ಎಂದು ರೇಡಿಯೋದಲ್ಲಿ ಹೇಳಿದರು. ಅದೂ ಇರಲಿ.

ಮಾದರಿ ತಯಾರಾಗಿ ನನ್ನ ಗೋದಾಮಿಗೆ ಬಂತು. ಗೋದಾಮಿನಲ್ಲಿ ನನ್ನ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಕುರ್ಚಿ ಒರೆಸುವವರ ಮೇಲ್ವಿಚಾರಕಿ. ನನಗೂ ಮೇಲ್ವಿಚಾರಕಿ ಅವರೇ. ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಮೇಜಿನ ಸುತ್ತ ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು.

"ಎಲ್ಲಾ ಚೆನ್ನಾಗಿದೆ. ನಿಮ್ಮಣ್ಣ ಎಲ್ಲಿ?" ಅಂದರು.

ನೋಡಿದೆ. ಬಗ್ಗಿ ನೋಡಿದೆ. ಹದಿನಾರು ದೇಶಗಳೂ ಇದ್ದವು. ನಮ್ಮ ದೇಶ ಇರಲಿಲ್ಲ! ಅಣ್ಣನೂ ಅದೇ ಗುಡ್ಡದ ಮೇಲೆ ಸತ್ತವನು. ಬಂದವರೆಲ್ಲ ಕೂರುವ ತನಕ ಮನೆಯವರು ಕೂರಬಾರದು ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರಲ್ಲ, ನಾವು ಹಾಗೆಯೇ ಮಾಡಿದೆವು. ಬಂದವರನ್ನು ಚೆನ್ನಾಗಿ ಕೂರಿಸಿದೆವು. ನಮ್ಮ ಹುಡುಗರನ್ನು ಕೂರಿಸುವುದು ಇಡೀ ಸಮಿತಿಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಇಂಥ ತಪ್ಪು ಮಾಡಲು ನಮ್ಮಂಥ ಮರ್ಯಾದಸ್ಥರೇ ಆಗಬೇಕು.

ತುರ್ತು ಸಭೆ ಸೇರಿತು. ಅಧ್ಯಕ್ಷರು ಕಣ್ಣು ಮುಚ್ಚಿ ಯೋಚಿಸಿದರು. ನಿದ್ದೆ ಎಂದು ಕೆಲವರು ತಪ್ಪು ತಿಳಿದರು. ಕಣ್ಣು ಬಿಟ್ಟು, "ಗೇಟಿನ ಹತ್ತಿರ ಒಂದು ಕಲ್ಲು ಹಾಕೋಣ. ನಮ್ಮವರು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಂಡ ಹಾಗಿರುತ್ತೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಮನೆಗೆ ಹೋಗಿ ಅತ್ತಿಗೆಗೆ ಹೆಮ್ಮೆಯಿಂದ ಹೇಳಿದೆ.

"ಗೇಟ್ ಹತ್ರಾನಾ? ನಿಮ್ಮಣ್ಣ ಏನು ವಾಚ್‌ಮನ್ನಾ?" ಅಂದರು.

ಇಲ್ಲೊಂದು ಮಾತು ಹೇಳಬೇಕು ಅಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿದೆ. ಯುದ್ಧ ಮುಗಿದ ವರ್ಷ ನಮ್ಮ ಮನೆಗೆ ಒಬ್ಬ ವಿದೇಶಿ ಸೈನಿಕ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಅಣ್ಣ ತನ್ನ ಕಾಗದಗಳಲ್ಲಿ ಅವನನ್ನು ಏಣಿ ಎಂದೇ ಕರೆಯುತ್ತಿದ್ದ. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವನನ್ನು ಕೂರಿಸಿ ಅತ್ತಿಗೆ ಊಟ ಬಡಿಸಿದರು. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಊಟ ಮುಗಿಸಿ ಅವನು ಎರಡು ಚಮಚ ಒರೆಸಿ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟ. ಒಂದನ್ನು ಮುಟ್ಟಿ ತನ್ನ ಎದೆ ಮುಟ್ಟಿಕೊಂಡ. ಇನ್ನೊಂದನ್ನು ಮುಟ್ಟಿ ಗೋಡೆಯ ಮೇಲಿದ್ದ ಅಣ್ಣನ ಫೋಟೋ ತೋರಿಸಿದ. ಆಮೇಲೆ ಆ ಇನ್ನೊಂದನ್ನು ಮೆಲ್ಲಗೆ ಬೋರಲು ಹಾಕಿದ. ಹಾಕಿ, ಅಷ್ಟುದ್ದದ ಆಳು ಮಗುವಿನ ಹಾಗೆ ಅತ್ತುಬಿಟ್ಟ.

ಅಣ್ಣ ಸತ್ತ ಸುದ್ದಿಯನ್ನು ಅತ್ತಿಗೆ ನಿಂತುಕೊಂಡೇ ಕೇಳಿದರು. ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ನೀನು ಕುರ್ಚಿ ವ್ಯಾಪಾರಕ್ಕೆ ಯಾಕೆ ಇಳಿದೆ ಎಂದು ಜನ ಕೇಳುತ್ತಾರೆ. ಲಾಭವಿದೆ ಎನ್ನುತ್ತೇನೆ. ಲಾಭವೂ ಇದೆ ಎನ್ನಿ.

"ಏಣಿ ಆ ಚಮಚಾನ ಬಾಗಿಲ ಹತ್ರ ಇಟ್ಟಿದ್ನಾ?" ಎಂದು ಗೇಟಿನ ಕಲ್ಲಿನ ಮಾತು ಬಂದ ಆ ದಿನ ಕೇಳಿದರು ಅತ್ತಿಗೆ. "ಪಕ್ಕದಲ್ಲಿ ಇಟ್ಟ. ಸತ್ತಿದ್ದು ಅವರ ಪಕ್ಕದಲ್ಲಿ, ಕಲ್ಲೂ ಅವರ ಪಕ್ಕದಲ್ಲೇ ಇರ್ಲಿ. ಹೋಗು, ಜಾಗ ಮಾಡು."

ಅಧ್ಯಕ್ಷರಲ್ಲಿಗೆ ಹೋದೆ. ವರ್ತುಲ ತುಂಬಿದೆ, ಹದಿನಾರು ಸರ್ಕಾರಗಳು ಒಪ್ಪಿವೆ, ಜಾಗ ಇಲ್ಲ ಎಂದರು. ಜಾಗ ಇಲ್ಲ! ನನ್ನ ಕಸುಬಿನಲ್ಲಿ ಹಾಗೆ ಹೇಳಿದವನು ಸಂಜೆಯೊಳಗೆ ಅಂಗಡಿ ಮುಚ್ಚುತ್ತಾನೆ. ಎಷ್ಟು ತುಂಬಿದ ಸಾಲಾದರೂ ಎಲ್ಲರೂ ಚೂರು ಚೂರು ಸರಿದರೆ ಇನ್ನೊಬ್ಬರು ಹಿಡಿಸುತ್ತಾರೆ.

ಆದ್ದರಿಂದ, ಮಹನೀಯರೇ, ಈ ಬೆಳಿಗ್ಗೆ ಮಾದರಿಯನ್ನು ಇಲ್ಲಿಗೆ ತರುವ ಮೊದಲು ಹದಿನಾರೂ ಕಲ್ಲುಗಳನ್ನು ಹೆಬ್ಬೆರಳಿನಿಂದ ಒಂದಿಷ್ಟು ಒತ್ತಿದ್ದೇನೆ. ಹದಿನೇಳನೆಯದು ಗೋದಾಮಿನ ಮರದ ತುಂಡು; ಬಣ್ಣ ಇನ್ನೂ ಹಸಿ, ಮುಟ್ಟಬೇಡಿ. ಒತ್ತುವಾಗ ಒಂದು ಧ್ವಜಸ್ತಂಭ ಮುರಿಯಿತು. ಗೋಂದು ಹಾಕಿ ಅಂಟಿಸಿದ್ದೇನೆ. ಆ ಒಂದು ಗೇಣಿನ ಹೆಚ್ಚಳ ಈಗಿಲ್ಲ, ಸಂಬಂಧಪಟ್ಟ ದೇಶ ದೊಡ್ಡ ಮನಸ್ಸು ಮಾಡಬೇಕು. ವಾಸ್ತುಶಿಲ್ಪಿಗಳೇ, ಕೂತುಕೊಳ್ಳಿ. ಅಧ್ಯಕ್ಷರೇ, ನನ್ನ ಶರ್ಟು ಎಳೆಯಬೇಡಿ, ಮುಗಿಸುತ್ತಿದ್ದೇನೆ.

ಇಷ್ಟೆಲ್ಲ ಮಾಡಿ ಇಲ್ಲಿ ನಿಂತು ನೋಡುತ್ತೇನೆ, ಅತ್ತಿಗೆ ಎಲ್ಲಿದ್ದಾರೆ? ಬಾಗಿಲಲ್ಲಿ! ತಮ್ಮ ಕುರ್ಚಿಯನ್ನು ಯಾರೋ ದುಭಾಷಿಗೆ ಕೊಟ್ಟು, ಆ ಮಂಡಿ ನೋವಿಟ್ಟುಕೊಂಡು ನಿಂತಿದ್ದಾರೆ. ಅತ್ತಿಗೆ, ಮುಂದೆ ಬನ್ನಿ. ತಲೆ ಅಲ್ಲಾಡಿಸಬೇಡಿ, ಬನ್ನಿ. ಮೊದಲ ಸಾಲಿನ ಗೌರವಾನ್ವಿತರೇ, ದಯವಿಟ್ಟು ನಿಮ್ಮ ನಿಮ್ಮ ಕುರ್ಚಿಯನ್ನು ಸ್ವಲ್ಪ ಸ್ವಲ್ಪ ಸರಿಸಿಕೊಳ್ಳಿ. ದುಭಾಷಿಗಳೇ, ಹೇಳಿ ಅವರಿಗೆ. ಹಾಂ. ಇನ್ನೂ ಸ್ವಲ್ಪ. ಸಾಕು. ವೇದಿಕೆಯ ಮೇಲಿನ ನನ್ನ ಕುರ್ಚಿಯನ್ನು ಯಾರಾದರೂ ಕೆಳಗೆ ಇಳಿಸಿಕೊಳ್ಳಿ, ಅಲ್ಲಿ, ನಡುವೆ ಹಾಕಿ. ನೋಡಿದಿರಾ? ಯಾವ ದೇಶವೂ ಚಿಕ್ಕದಾಗಲಿಲ್ಲ.

ಕೂರಿ ಅತ್ತಿಗೆ. ಒರೆಸಬೇಡಿ, ನೀವೇ ಒರೆಸಿದ್ದು ಅದು. ಕೂರಿ.

ಅಧ್ಯಕ್ಷರೇ, ಅವರು ಕೂತರು. ಈಗ ಬಟ್ಟೆ ಸರಿಸಬಹುದು. ನನಗೆ ಕುರ್ಚಿ ಇಲ್ಲ, ಪರವಾಗಿಲ್ಲ, ಮನೆಯವನು ನಿಂತಿರುತ್ತೇನೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ, ಸರಿದು ಕೂತ ಮೊದಲ ಸಾಲಿಗಂತೂ ವಿಶೇಷವಾಗಿ, ನನ್ನ ವಂದನೆಗಳು. ನಮಸ್ಕಾರ.