ಭೀಮ ಬ್ರೂಕ್‌ಫೀಲ್ಡಿಗೆ ಹೋಗಿದ್ದಾನೆ

…ಅದನ್ನೇ ಕಣೋ ಸಿದ್ರಾಮ ನಾನೂ ಹೇಳ್ತಿರೋದು. ನಮ್ಮ ಭೀಮ ನಿನಗೆ ಕಚ್ಚಿ ಐದೇ ದಿನ. ಹತ್ತು ದಿನ ನಾಯಿ ನೆಟ್ಟಗಿದ್ದರೆ ನೀನೂ ನೆಟ್ಟಗಿರ್ತೀಯ. ಮೂವತ್ತು ವರ್ಷ ಕಾಲೇಜಲ್ಲಿ ಪಾಠ ಮಾಡಿದ ಮನೆ ಓನರ್ ಹೇಳಿದರೆ ನಂಬಿಕೆಯಿಲ್ಲ, ಸೂಜಿ ಹಾಕಿಸ್ಕೋ ಅಂತ ನಿಮ್ಮ ಟೈಲ್ಸ್ ಮೇಸ್ತ್ರಿ ಹೇಳಿದರೆ ವೇದವಾಕ್ಯ. ಕೂತ್ಕೋ.

ಈ ಕಾಲದಲ್ಲಿ ಕಚ್ಚಿಸಿಕೊಂಡಿದ್ದು ನಿನ್ನ ಪುಣ್ಯ. ಹಿಂದೆ ರೋಮಿನಲ್ಲಾಗಿದ್ದರೆ ಕಬ್ಬಿಣ ಕಾಯಿಸಿ ಗಾಯ ಸುಡ್ತಿದ್ದರು. ಕಚ್ಚಿದ ನಾಯಿಯ ಬಾಲದ ಕೂದಲು ಸುಟ್ಟು ಬೂದಿ ತುಂಬೋರು. ನೀರು ಕಂಡರೆ ನಡುಗೋ ರೋಗಿಯನ್ನ ಹಿಡಿದು ಕೊಳಕ್ಕೇ ನೂಕೋರು. ಎಂಥಾ ವೈದ್ಯರು ನೋಡು… ನಗ್ತೀಯಾ? ನಗು, ನಗು. ನೀನು ಹಚ್ಚಿಕೊಂಡಿದ್ದು ಸುಣ್ಣ, ಖಾರದಪುಡಿ. ಎರಡು ಸಾವಿರ ವರ್ಷ ಮುಂದಿದ್ದೀಯ.

ಆಮೇಲೆ ಪಾಶ್ಚರ್ ಬಂದ, ಮೊಲದ ಬೆನ್ನುಹುರಿ ಒಣಗಿಸಿ ಮದ್ದು ಮಾಡಿದ. ನಮ್ಮ ಕಾಲಕ್ಕೆ ಕುರಿ ಮಿದುಳಿಂದು, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ನಮ್ಮ ಚಿಕ್ಕಪ್ಪ ಹನುಮಂತಯ್ಯ ಏಳನೇದಕ್ಕೆ ಆಸ್ಪತ್ರೆ ಕಿಟಕಿ ಹಾರಿದ. ಈಗ ತೋಳಿಗೆ ನಾಲ್ಕೋ ಐದೋ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಅಲ್ಲಿ ಯಾರ ನಾಯಿ, ಲಸಿಕೆ ಆಗಿದೆಯಾ ಅಂತ ಕೇಳ್ತಾರೆ. ಪಟ್ಟಂದೂರು ಅಗ್ರಹಾರದ ನಾಯಿಗಳಿಗೆಲ್ಲ ಲಸಿಕೆ ಶಿಬಿರ ಮಾಡಿಸಿದ ಈ ಶ್ಯಾಮಣ್ಣನ ನಾಯಿ ಅಂತ ಬರೆಸ್ತೀಯಾ? ಚೆನ್ನಾಗಿರುತ್ತೆ.

ಏನು, ಭೀಮನ್ನ ನೋಡಬೇಕಾ? ಅವನು ಬ್ರೂಕ್‌ಫೀಲ್ಡಲ್ಲಿ, ಮಗಳು ಕೃಪಾ ಮನೇಲಿ. ಮೊಸರನ್ನ ತಿಂದು ಎಸಿ ರೂಮಲ್ಲಿ ಬಿದ್ದಿದ್ದಾನೆ, ಸುಖಪುರುಷ.

ಯಾರಿಗೋ ಫೋನು? ಕೃಪಾಗಾ? ಅವಳ ನಂಬರ್ ನಿನಗೆಲ್ಲಿ… ಹೂಂ, ಅವಳ ಬಚ್ಚಲಿಗೆ ಟೈಲ್ಸ್ ಹಾಕಿದವನು ನೀನೇ ಅಲ್ಲವಾ. ಇಡು ಅದನ್ನ. ಮೀಟಿಂಗಲ್ಲಿರ್ತಾಳೆ… ಇಡೋ ಅಂದೆ.

ಹಾಗೆ ಮುಖ ನೋಡಬೇಡ. ಬೈಯಬೇಕು ಅನಿಸಿದರೆ ಬೈಯಿ.

…ಶಿಬಿರದ ದಿನ ಭೀಮ ತಪ್ಪಿಸಿಕೊಂಡು ಓಡಿದ. ನಾನು ಮೈಕು ಹಿಡಿದು ಭಾಷಣ ಮಾಡ್ತಿದ್ದೆ. ಆಮೇಲೆ ಹಾಕಿಸೋಣ ಅಂದುಕೊಂಡೆ. ಮೊನ್ನೆ ದವಡೆ ಜೋತುಬಿತ್ತು, ಒಂದೇ ಸಮ ಜೊಲ್ಲು. ನಿನ್ನೆ ಬೆಳಿಗ್ಗೆ ಹೋಗಿಬಿಟ್ಟ. ಹಿತ್ತಲಲ್ಲಿ ನಾನೇ ಗುಂಡಿ ತೋಡಿದೆ. ನನ್ನ ಹೆಂಡತಿ ಭದ್ರಮ್ಮನಿಗೂ ಕೃಪಾ ಮನೆ ಕಥೆಯನ್ನೇ ಹೇಳಿದ್ದೀನಿ.

ಏಳು, ಆಸ್ಪತ್ರೆಗೆ ಹೋಗೋಣ. ತಡಿ, ಮೊಳೆಯಿಂದ ಸ್ಕೂಟರ್ ಕೀ ತಗೋತೀನಿ… ಏನು ನೋಡ್ತಿದ್ದೀಯ? ತೋಳಿನ ಮೇಲಿರೋ ಪಟ್ಟೀನಾ? ಅದು ಶುಗರ್ ಟೆಸ್ಟಿಗೆ… ಕೈ ಬಿಡೋ, ಸಿದ್ರಾಮ.

ಭೀಮನ್ನ ಎತ್ತುವಾಗ ಕೈ ತರಚಿತ್ತು, ಜೊಲ್ಲು ತಾಗಿತು. ನಿನ್ನೆ ಸಂಜೆನೇ ಹೋಗಿ ನಾನು ಮೊದಲನೇ ಸೂಜಿ ಹಾಕಿಸಿಕೊಂಡು ಬಂದೆ.